ನೂರ ಹದಿನೇಳು ಗೆರೆಗಳು

ಕಲೆ ತೆಗೆಯುವುದರಲ್ಲಿ ಅವಳದು ಎತ್ತಿದ ಕೈ. ಗ್ರೀಸು, ಮಸಿ, ಲಿಪ್‌ಸ್ಟಿಕ್ಕು, ಯಾವುದೂ ಅವಳ ಮುಂದೆ ಬಾಲ ಬಿಚ್ಚುತ್ತಿರಲಿಲ್ಲ. ಇನ್ನೂ ಹದಿನೇಳು ವರ್ಷ, ಆಗಲೇ ಅಮ್ಮನ ಲಾಂಡ್ರಿಗೆ ಅರ್ಧ ಗಿರಾಕಿಗಳು ಬರುತ್ತಿದ್ದುದು ಅವಳ ಕೈಗುಣ ನೋಡಿ. ಹಾಗಾಗಿ ಆ ಕಪ್ಪು ಟೀ ಶರ್ಟನ್ನು ಕೌಂಟರಿನ ಮೇಲಿಟ್ಟಾಗ ಒಂದು ಶಹಬ್ಬಾಸ್ ಬಂದೇ ಬರುತ್ತದೆ ಎಂದುಕೊಂಡಿದ್ದಳು.

"ಒಳಗಡೆ ಏನೋ ಗೆರೆ ಗೆರೆಯಾಗಿ ಬೆಳ್ಳಿ ಬಣ್ಣದ ಕಲೆ ಇತ್ತು. ಒಂದು ಗಂಟೆ ಹಿಡೀತು. ಈಗ ನೋಡಿ, ಹೊಸದರ ಹಾಗಿದೆ."

ಅವಳದೇ ವಯಸ್ಸಿನ ಹುಡುಗ. ಅಂಗಿಯ ಅಂಚು ತಿರುವಿ ನೋಡಿದ. ಮುಖದ ಬಣ್ಣವೇ ಹೋಯಿತು.

"ಎಲ್ಲಾ ತೆಗೆದ್ರಾ?"

"ಒಂದೂ ಬಿಟ್ಟಿಲ್ಲ!"

"ನೂರ ಹದಿನೇಳಿದ್ವು," ಎಂದ. ಅಂಗಿ ಅಲ್ಲೇ ಬಿಟ್ಟು ಹೊರಟೇಬಿಟ್ಟ.

ಒಳಗಿನಿಂದ ಅಮ್ಮ ಗೊಣಗಿದಳು. "ತಲೆಬುರುಡೆ ಚಿತ್ರದ ಅಂಗಿ ಹಾಕೋರ ಹತ್ರ ಥ್ಯಾಂಕ್ಸ್ ಕೇಳ್ತೀಯಲ್ಲ ಪುಟ್ಟಿ! ಆ ಕಪ್ಪಂಗಿ ಹುಡುಗ ಯಾವಾಗ್ಲೂ ಹಾಗೇ, ಕಿವೀಲಿ ವೈರು, ಮುಖ ಗಂಟು."

ಪುಟ್ಟಿಗೆ ಆ ಗಂಟುಮುಖವೇ ಕಣ್ಣಿಗೆ ಕಟ್ಟಿತ್ತು. ಮರುದಿನ ಸಂಜೆ ಅವನು ಎದುರಿನ ಬಸ್‌ಸ್ಟಾಪಿನಲ್ಲಿ ಕೂತಿದ್ದು ಕಂಡಿತು. ಅಂಗಿ ಹಿಡಿದು ರಸ್ತೆ ದಾಟಿದಳು.

"ಒಳಗೆ ಬಿಳಿ ಪಟ್ಟಿ ಹೊಲಿದಿದ್ದೀನಿ. ಇದು ನಮ್ಮ ಗುರುತಿನ ಪೆನ್. ಬಟ್ಟೆ ಅದಲುಬದಲಾಗಬಾರದು ಅಂತ ನಂಬರ್ ಹಾಕೋದು. ಕುದಿಸಿದ್ರೂ ಹೋಗಲ್ಲ. ಹೇಳಿ, ನೂರ ಹದಿನೇಳು ಗೆರೆ ನಾನೇ ಎಳೆದ್ಕೊಡ್ತೀನಿ."

ಅವನು ನಕ್ಕ. ನಕ್ಕಾಗ ಒಂದು ಹುಬ್ಬು ಮಾತ್ರ ಮೇಲೇರುತ್ತಿತ್ತು, ಇನ್ನೊಂದಕ್ಕೆ ಇನ್ನೂ ಕೋಪ ಇದ್ದ ಹಾಗೆ. ಅವಳಿಗೆ ಎರಡೂ ಹುಬ್ಬು ಇಷ್ಟವಾದವು.

"ಹಾಗೆಲ್ಲ ಎಳೆಯಕ್ಕಾಗಲ್ಲ ರೀ. ಸ್ಕೂಲಲ್ಲಿ ಒಂದು ಗ್ಯಾಂಗ್ ಇತ್ತು. ದಿನಾ ಹಿಡಿದು ಹೊಡೆಯೋರು. ಬೆಳಿಗ್ಗೆ ಎದ್ರೆ ಸ್ಕೂಲೇ ಬೇಡ ಅನ್ನಿಸೋದು. ಈ ಅಂಗಿ ಮೇಲಿರೋ ಬ್ಯಾಂಡಿನ ಒಂದು ಹಾಡು, ಬರೀ ಕಿರುಚೋದು, ಅದನ್ನ ಹಾಕ್ಕೊಂಡು ಸ್ಕೂಲ್ ಗೇಟ್ ತನಕ ಹೋಗ್ತಿದ್ದೆ. ಹಾಡು ಮುಗಿಯೋದ್ರೊಳಗೆ ಗೇಟ್ ದಾಟಬೇಕು. ದಾಟಿದ ದಿನ ಅಂಗಿ ಒಳಗೆ ಬೆಳ್ಳಿ ಪೆನ್ನಲ್ಲಿ ಒಂದು ಗೆರೆ."

"ಆ ಕಿರುಚಾಟದಲ್ಲಿ ಏನು ಸಮಾಧಾನ?"

"ಎಲ್ಲರೂ ನಂಗೆ ಸಮಾಧಾನ ಮಾಡ್ಕೋ ಅಂದ್ರು. ನಿಂಗೆ ಸಿಟ್ಟು ಬಂದಿರೋದು ಸರಿ ಅಂದಿದ್ದು ಇದೊಂದೇ."

ಒಂದು ಇಯರ್‌ಫೋನ್ ಅವಳತ್ತ ಚಾಚಿದ.

ಮೊದಲಿಗೆ ಅಟ್ಟದ ಮೇಲಿನ ಪಾತ್ರೆಗಳೆಲ್ಲ ಒಟ್ಟಿಗೆ ಉರುಳಿದಂತಾಯಿತು. ಆಮೇಲೆ ಅಡಿಯಲ್ಲಿ ಡ್ರಮ್ಮು ಕೇಳಿಸಿತು, ಬಟ್ಟೆ ಹಿಂಡುವ ಮಿಷನ್ನಿನ ಹಾಗೆ ಬಿಡದೆ, ಸರಿಯಾದ ಲೆಕ್ಕದಲ್ಲಿ. ಅದರ ಮೇಲೆ ಒಬ್ಬ ಗಂಟಲು ಹರಿಯುವಂತೆ ಕೂಗುತ್ತಿದ್ದ. ಮೂರು ವರ್ಷದಿಂದ ತಾನು ನುಂಗಿಕೊಂಡಿದ್ದನ್ನು ಇವನ್ಯಾರೋ ಕೂಗುತ್ತಿದ್ದಾನಲ್ಲ ಅನ್ನಿಸಿ ಅವಳ ಕಣ್ಣು ತುಂಬಿತು.

ಅವನು ನೋಡಿದ. ವಾಲ್ಯೂಮ್ ಒಂದು ಕಡ್ಡಿ ಏರಿಸಿದ, ಅಷ್ಟೇ.

ಹಾಡು ಮುಗಿದ ಮೇಲೆ ಅವಳೇ ಹೇಳಿದಳು. "ಮೂರು ವರ್ಷದ ಹಿಂದೆ ಅಪ್ಪ ನಮ್ಮನ್ನ ಬಿಟ್ಟು ಎರಡು ಬೀದಿ ಆಚೆ ಬೇರೆ ಸಂಸಾರ ಮಾಡಿದ್ದಾರೆ. ಆದ್ರೆ ವಾರವಾರ ಬಟ್ಟೆ ಗಂಟು ನಮ್ಮ ಅಂಗಡಿಗೇ ತರ್ತಾರೆ. ಆ ಮಗುವಿನ ಫ್ರಾಕಿನ ನೆರಿಗೆಗೆ ಇಸ್ತ್ರಿ ಹಾಕೋದು ನಾನು. ಅಮ್ಮ ಹೇಳ್ತಾಳೆ, ಗಿರಾಕಿ ಗಿರಾಕಿನೇ ಅಂತ."

"ನೀನ್ಯಾಕೆ ಹಾಕ್ಬೇಕು?"

ಇಷ್ಟು ವರ್ಷದಲ್ಲಿ ಯಾರೂ ಅವಳನ್ನು ಹಾಗೆ ಕೇಳಿರಲಿಲ್ಲ. ಬಹುವಚನ ಯಾವಾಗ ಜಾರಿಬಿತ್ತೋ ಇಬ್ಬರೂ ಗಮನಿಸಲಿಲ್ಲ. ಹೊರಡುವಾಗ ಅಂಗಿ ತೆಗೆದುಕೊಂಡು, ಹಾಡನ್ನು ಅವಳ ಫೋನಿಗೆ ಕಳಿಸಿದ.

ಶನಿವಾರ ನಾಲ್ಕಕ್ಕೆ ಅಪ್ಪ ಬಂದ. "ರೆಡಿನಾ ಪುಟ್ಟಿ?"

ಅವಳು ಗಂಟನ್ನು ಬಿಚ್ಚದೆ ಹಾಗೇ ಅವನ ಮುಂದೆ ತಳ್ಳಿದಳು. ತಲೆಯೊಳಗೆ ಆ ಡ್ರಮ್ಮು ಬಡಿಯುತ್ತಿತ್ತು.

"ತೊಳೆದಿಲ್ಲ. ಇಸ್ತ್ರೀನೂ ಮಾಡಿಲ್ಲ. ಮಾಡೋದೂ ಇಲ್ಲ. ಬೇರೆ ಅಂಗಡಿಗೆ ಕೊಡಿ."

"ಇದೇನು ಹಠ? ಕರಿ ನಿಮ್ಮಮ್ಮನ್ನ!"

ಅಮ್ಮ ಒದ್ದೆ ಕೈಯಲ್ಲೇ ಬಂದಳು. ಬೈಗುಳ ಬೀಳುತ್ತದೆಂದು ಪುಟ್ಟಿ ಹಲ್ಲು ಕಚ್ಚಿ ನಿಂತಳು. ಅಮ್ಮ ಗಂಟನ್ನು ನೋಡಿದಳು, ಮಗಳನ್ನು ನೋಡಿದಳು.

"ಹೇಳಿದಳಲ್ಲ, ಕೇಳಿಸ್ಲಿಲ್ವಾ? ಅಂಗಡಿ ಅವಳದೂ ಹೌದು."

ಅಪ್ಪ ಗಂಟು ಎತ್ತಿಕೊಂಡು ಹೋದ. ಅಮ್ಮ ಬಹಳ ಹೊತ್ತು ಕೈ ಒರೆಸಿಕೊಳ್ಳುತ್ತಲೇ ಇದ್ದಳು. "ಮೂರು ವರ್ಷದ ಹಿಂದೇನೇ ನಾನು ಹೇಳ್ಬೇಕಿತ್ತು ಕಣೇ," ಎಂದು ಒಳಗೆ ಹೋದಳು.

ಐದಕ್ಕೆ ಕಪ್ಪಂಗಿ ಹುಡುಗ ಬಂದಾಗ ಅಂಗಡಿಯ ಸ್ಪೀಕರಿನಲ್ಲಿ ಅದೇ ಹಾಡು ಬಡಿಯುತ್ತಿತ್ತು. ಅವಳು ತನ್ನ ಕುರ್ತಾದ ತೋಳಿನ ಮಡಿಕೆ ಬಿಚ್ಚಿ ತೋರಿಸಿದಳು. ಒಳಗೊಂದು ಬಿಳಿ ಪಟ್ಟಿ, ಅದರ ಮೇಲೆ ಒಂದೇ ಒಂದು ಕಪ್ಪು ಗೆರೆ.

ಅವನ ಎರಡೂ ಹುಬ್ಬು ಮೇಲೇರಿದವು. "ಪೆನ್ ಕೊಡು," ಎಂದ. ತನ್ನ ಅಂಗಿಯ ಅಂಚು ತಿರುವಿ, ಅವಳು ಹೊಲಿದಿದ್ದ ಪಟ್ಟಿಯ ಮೇಲೆ ಒಂದು ಗೆರೆ ಎಳೆದ.

"ಈಗ ಯಾವ ಗೇಟೂ ಇಲ್ಲವಲ್ಲ. ಇದ್ಯಾತಕ್ಕೆ?"

"ಬಸ್‌ಸ್ಟಾಪಿಂದ ಇಲ್ಲಿಗೆ ರಸ್ತೆ ದಾಟಿದ್ದಕ್ಕೆ. ಆ ಗೇಟಿಗಿಂತ ಜಾಸ್ತಿ ಭಯ ಆಯ್ತು."

"ಯಾಕೋ?"

"ನೀನಂದ್ರೆ ಇಷ್ಟ ಅಂತ ಹೇಳ್ಬೇಕಿತ್ತು."

ಅವಳ ಕಿವಿ ಬಿಸಿಯಾಯಿತು, ಇಸ್ತ್ರಿ ಪೆಟ್ಟಿಗೆ ದೂರದಲ್ಲಿದ್ದರೂ. ಕೌಂಟರಿನ ಮೇಲಿದ್ದ ಅವನ ಬೆರಳಿನ ಪಕ್ಕಕ್ಕೆ ತನ್ನ ಬೆರಳನ್ನು ತಂದಿಟ್ಟಳು.

"ಆ ಶಾಯಿ ಹೋಗಲ್ಲ, ಗೊತ್ತು ತಾನೆ?"

"ಕುದಿಸಿದ್ರೂ?"

"ಕುದಿಸಿದ್ರೂ."

ಒಳಗಿನಿಂದ ಅಮ್ಮ ಕೂಗಿದಳು. "ಯಾರದೇ ಅದು, ಕಿರುಚಾಟ?"

"ನಮ್ದು, ಅಮ್ಮಾ!" ಎಂದು ಪುಟ್ಟಿ ವಾಲ್ಯೂಮ್ ಇನ್ನಷ್ಟು ಏರಿಸಿದಳು.