ಇಬ್ಬರು ಹೆಂಗಸರ ಹೆಸರಿದ್ದ ಪತ್ರ

“ನಿಲ್ಸು, ನಿಲ್ಸು! ಇದೇನು ಮೆಟ್ರೋ ಅನೌನ್ಸ್‌ಮೆಂಟಾ? ಒಂದೇ ಉಸಿರಲ್ಲಿ ಓದ್ತಿದ್ದೀಯಲ್ಲ!”

ನಂದಕುಮಾರ್ ಅಂಕಲ್ ಕೂಗಿದ ಕೂಗು ಖಾಲಿ ಚರ್ಚಿನಲ್ಲಿ ಎರಡು ಸಲ ಕೇಳಿಸಿತು. ಜೆಮಿ ಬೈಬಲಿನ ಮೇಲೆ ಬೆರಳಿಟ್ಟು ಓದು ನಿಲ್ಲಿಸಿದಳು.

ನಾಳೆ ಭಾನುವಾರ. ಆರಾಧನೆಯಲ್ಲಿ, ಯೇಸುವಿನ ಸಂದೇಶ ಸಾರಿದ ಪೌಲನ ಪತ್ರ ಓದುವ ಸರದಿ ಅವಳದು. ಐದನೇ ಕ್ಲಾಸಿಗೆ ಬಂದವರಿಗೆ ಮಾತ್ರ ಸಿಗುವ ಸರದಿ ಅದು. ಮೈಕು ಎಟುಕುವುದಿಲ್ಲವೆಂದು ಅವಳ ಕಾಲ ಕೆಳಗೆ ಒಂದು ಸ್ಟೂಲ್ ಇಟ್ಟಿದ್ದರು.

ನಂದಕುಮಾರ್ ಅಂಕಲ್‌ಗೆ ಚಿಕ್ಕಲಸಂದ್ರದಲ್ಲಿ ಸ್ಕೂಟರ್ ರಿಪೇರಿ ಅಂಗಡಿ ಇದೆ. ಭಾನುವಾರ ಮಾತ್ರ ಅವರು ಸಂಡೇ ಸ್ಕೂಲ್ ಮೇಷ್ಟ್ರು. ಕೆಟ್ಟ ಸ್ಕೂಟರನ್ನೂ ಮಕ್ಕಳನ್ನೂ ಒಂದೇ ದನಿಯಲ್ಲಿ ಬೈಯುತ್ತಾರೆ.

“ಇದನ್ನ ಪೌಲ ಎಲ್ಲಿಂದ ಬರೆದದ್ದು?”

“ಜೈಲಿಂದ ಅಂಕಲ್.”

“ಹಾಂ. ಆಗೇನು ವಾಟ್ಸಾಪ್ ಇತ್ತಾ? ಒಬ್ಬ ಮನುಷ್ಯ ವಾರಗಟ್ಲೆ ನಡ್ಕೊಂಡು, ಹಡಗು ಹತ್ತಿ ಫಿಲಿಪ್ಪಿ ಊರಿಗೆ ತಂದುಕೊಟ್ಟ. ಅಲ್ಲಿನವರೆಲ್ಲ ಸೇರಿದ್ರು. ಯಾರೋ ಎದ್ದು ಗಟ್ಟಿಯಾಗಿ ಓದಿದ್ರು. ನಾಳೆ ನೀನು ಮಾಡೋದೂ ಅದೇ ಕೆಲ್ಸ. ಪಟಪಟ ಅಂದ್ಬಿಟ್ರೆ ಆಯ್ತಾ?”

ಜೆಮಿ ಮತ್ತೆ ಸಾಲು ಹುಡುಕಿದಳು. “ಅಂಕಲ್, ಈ ಯುವೊದ್ಯ, ಸಂತುಕೆ ಯಾರು?”

“ಆ ಸಭೆಯ ಇಬ್ರು ಹೆಂಗಸ್ರು. ಪೌಲನ ಜೊತೆ ಕಷ್ಟಪಟ್ಟು ಕೆಲ್ಸ ಮಾಡಿದವ್ರು. ಆಮೇಲೆ ಏನೋ ಮನಸ್ತಾಪ. ಒಂದೇ ಮನಸ್ಸಾಗಿರ್ರಮ್ಮ ಅಂತ ಹೆಸ್ರು ಹಿಡಿದು ಬೇಡ್ಕೋತಾನೆ.”

“ಓದುವಾಗ ಅವ್ರೂ ಅಲ್ಲೇ ಇದ್ರಾ?”

“ಇನ್ನೆಲ್ಲಿ ಹೋಗ್ತಾರೆ? ಎದುರಿಗೇ ಕೂತಿರ್ಬೇಕು.”

“ಅಯ್ಯೋ! ಎಲ್ರ ಮುಂದೇನಾ?”

“ಯಾಕೆ? ಜಗಳ ಎಲ್ರ ಮುಂದೆ ಆಡಬಹುದು, ರಾಜಿ ಮಾತ್ರ ಗುಟ್ಟಾಗಿ ಆಗ್ಬೇಕಾ?” ಎಂದು ಅಂಕಲ್ ಕಿಟಕಿ ಮುಚ್ಚಲು ಎದ್ದರು.

ಜೆಮಿ ಮನೆಗೆ ನಿಧಾನವಾಗಿ ನಡೆದಳು. ಇಂಥ ಇಬ್ಬರು ಹೆಂಗಸರು ಅವಳಿಗೂ ಗೊತ್ತು. ಒಬ್ಬಳು ಅವಳ ಅಮ್ಮ ಸುಧಾಮಣಿ. ಇನ್ನೊಬ್ಬರು ಗೆಳತಿ ಶೃತಿಯ ಅಮ್ಮ, ಇಂದ್ರಾಣಿ ಆಂಟಿ. ಪ್ರತಿ ಶನಿವಾರ ಇಬ್ಬರೂ ಸೇರಿ ದೊಡ್ಡ ಪಾತ್ರೆಯಲ್ಲಿ ಚಿತ್ರಾನ್ನ ಕಲಸಿ, ಜಯನಗರದ ಆಸ್ಪತ್ರೆ ಮುಂದೆ ಕಾಯುವವರಿಗೆ ಹಂಚುತ್ತಿದ್ದರು. ಆರು ವಾರದಿಂದ ಅದು ನಿಂತುಹೋಗಿತ್ತು.

ಎಲ್ಲ ಶುರುವಾದದ್ದು ಒಂದು ಸೀರೆಯಿಂದ. ಮಹಿಳಾ ಭಾನುವಾರಕ್ಕೆ ಚರ್ಚಿನ ಹೆಂಗಸರೆಲ್ಲ ಒಂದೇ ಬಣ್ಣದ ಸೀರೆ ಉಡುವುದು ರೂಢಿ. ಈ ವರ್ಷ ಬಣ್ಣ ಆರಿಸಿದವರು ಇಂದ್ರಾಣಿ ಆಂಟಿ. ತಿಳಿ ಹಸಿರು. ಅಮ್ಮ ಅಡುಗೆಮನೆಯಲ್ಲಿ ಕವರ್ ಬಿಚ್ಚಿದವಳೇ, “ಆಪರೇಷನ್ ಥಿಯೇಟರ್ ಪರದೆ ಥರ ಇದೆಯಲ್ಲೇ!” ಎಂದು ಜೆಮಿಗೆ ಹೇಳಿ ನಕ್ಕಿದ್ದಳು.

ಆ ಮಾತು ಅಲ್ಲೇ ಮುಗಿಯಬೇಕಿತ್ತು. ಜೆಮಿಗೆ ಅದು ಸಖತ್ ಜೋಕ್ ಅನ್ನಿಸಿತು. ಮಾರನೆಯ ದಿನ ಸ್ಕೂಲ್ ವ್ಯಾನಿನಲ್ಲಿ ಶೃತಿಗೆ ಹೇಳಿದಳು. ಶೃತಿಯೂ ಬಿದ್ದು ಬಿದ್ದು ನಕ್ಕಳು. ಸಂಜೆ ಮನೆಯಲ್ಲಿ ಬಾಯಿಬಿಟ್ಟಳು. “ಯಾರು ಹಂಗಂದ್ರು?” ಎಂದು ಆಂಟಿ ಜೋರು ಮಾಡಿದಾಗ ಹೆದರಿ, “ಸುಧಾ ಆಂಟಿ ಹೇಳಿದ್ರಂತೆ, ಚರ್ಚಲ್ಲಿ ಎಲ್ರೂ ನಗ್ತಿದ್ದಾರೆ” ಎಂದು ಸುಳ್ಳು ಸೇರಿಸಿದಳು.

ಮಹಿಳಾ ಭಾನುವಾರ ಮೂವತ್ತು ಹೆಂಗಸರು ತಿಳಿ ಹಸಿರು ಸೀರೆ ಉಟ್ಟುಬಂದರು. ಆರಿಸಿದ ಇಂದ್ರಾಣಿ ಆಂಟಿ ಮಾತ್ರ ಕೆಂಪು ಸೀರೆ ಉಟ್ಟು ಕೊನೆಯ ಬೆಂಚಿನಲ್ಲಿ ಕೂತರು. ಅಮ್ಮ ಯಾಕೆಂದು ಕೇಳಿದ್ದಕ್ಕೆ, “ಪರದೆ ಸುತ್ಕೊಳ್ಳೋ ಅಭ್ಯಾಸ ನನಗಿಲ್ಲ” ಎಂದು ಮುಖ ತಿರುಗಿಸಿದರು.

ಅವತ್ತೇ ಜೆಮಿ ಮತ್ತು ಶೃತಿ ಗಾಡ್ ಪ್ರಾಮಿಸ್ ಮಾಡಿಕೊಂಡಿದ್ದರು. ನಿಜ ಯಾರಿಗೂ ಹೇಳಬಾರದು.

ಈಗ ಜೆಮಿಗೆ ಒಂದು ಐಡಿಯಾ ಹೊಳೆಯಿತು. ಓದುವಾಗ ಆ ಎರಡು ಹೆಸರು ತೆಗೆದು ಸುಧಾಮಣಿ, ಇಂದ್ರಾಣಿ ಎಂದು ಓದಿಬಿಟ್ಟರೆ? ಎಲ್ಲರೆದುರು ಕೇಳಿದ ಮೇಲೆ ಇಬ್ಬರೂ ಮಾತಾಡಲೇಬೇಕು. ಗುಟ್ಟೂ ಗುಟ್ಟಾಗಿಯೇ ಉಳಿಯುತ್ತದೆ.

ಭಾನುವಾರ ಅವಳು ಸ್ಟೂಲ್ ಹತ್ತಿದಳು. ಅಮ್ಮ ಎಡಗಡೆ ಮೂರನೇ ಬೆಂಚು. ಇಂದ್ರಾಣಿ ಆಂಟಿ ಬಲಗಡೆ ಕೊನೆಯ ಬೆಂಚು. ನಡುವೆ ಇಡೀ ಚರ್ಚು.

ನಿಧಾನವಾಗಿ ಓದುತ್ತಾ ಆ ಸಾಲಿಗೆ ಬಂದಳು. ತಲೆಯೆತ್ತಿದಳು. ಅಮ್ಮ ತನ್ನ ಮಗಳು ಓದುವುದನ್ನು ಹೆಮ್ಮೆಯಿಂದ ಕೇಳುತ್ತಿದ್ದಳು. ಆಂಟಿ ಕೂಡ ಜೆಮಿಯನ್ನೇ ನೋಡುತ್ತಿದ್ದರು. ಅವರ ಮುಖದಲ್ಲಿ ಜೆಮಿಯ ಮೇಲೆ ಸ್ವಲ್ಪವೂ ಕೋಪವಿರಲಿಲ್ಲ. ಅವರಿಗೆ ಏನೂ ಗೊತ್ತಿರಲಿಲ್ಲವಲ್ಲ.

ಜೆಮಿ ಮತ್ತೆ ಪುಸ್ತಕಕ್ಕೆ ಕಣ್ಣಿಳಿಸಿದಳು. “ಯುವೊದ್ಯ” ಎಂದಳು. “ಸಂತುಕೆ” ಎಂದಳು. ಪುಸ್ತಕದಲ್ಲಿ ಇದ್ದದ್ದನ್ನೇ ಓದಿದಳು.

ಮುಂದಿನ ಸಾಲಿನಲ್ಲಿ ಪೌಲ ಇನ್ನೊಬ್ಬರ ಜೊತೆ ಮಾತಾಡಿದ್ದ. ನನ್ನ ಜೊತೆಗಾರನೇ, ನೀನು ಈ ಇಬ್ಬರಿಗೆ ನೆರವಾಗು ಎಂದು ಕೇಳಿದ್ದ. ಆ ‘ನೀನು’ ಯಾರು? ಹೆಸರೇ ಇಲ್ಲ. ನಿನ್ನೆ ಪಟಪಟ ಓದುವಾಗ ಅದು ಅವಳ ಕಣ್ಣಿಗೇ ಬಿದ್ದಿರಲಿಲ್ಲ.

ಅವಳು ಅಲ್ಲೇ ನಿಂತುಬಿಟ್ಟಳು. ಸಾಲು ತಪ್ಪಿತೆಂದುಕೊಂಡ ನಂದಕುಮಾರ್ ಅಂಕಲ್ ಮುಂದಿನ ಬೆಂಚಿನಿಂದ, “ಓದಮ್ಮ, ಓದು” ಎಂದು ಪಿಸುಗುಟ್ಟಿದರು. ಅವಳು ಕೊನೆಯವರೆಗೂ ಓದಿದಳು.

ಆರಾಧನೆ ಮುಗಿದು ಎಲ್ಲರೂ ಅಂಗಳದಲ್ಲಿ ಟೀ ಕುಡಿಯುತ್ತಿದ್ದರು. ಜೆಮಿ ಶೃತಿಯನ್ನು ಹುಡುಕಿದಳು.

“ನಾನು ಹೇಳ್ಬಿಡ್ತೀನಿ ಕಣೇ.”

“ಹುಚ್ಚಾ ನಿಂಗೆ? ಪ್ರಾಮಿಸ್ ಮಾಡಿದ್ದೀವಿ! ನಮ್ಮಮ್ಮ ನನ್ನ ಸಿಗಿದ್ ಹಾಕ್ತಾಳೆ.”

“ನಿನ್ನ ಹೆಸ್ರು ಹೇಳಲ್ಲ. ನಂದು ಮಾತ್ರ.”

ಶೃತಿ ಅವಳ ಕೈ ಹಿಡಿದೆಳೆದಳು. ಜೆಮಿ ಬಿಡಿಸಿಕೊಂಡು ಇಂದ್ರಾಣಿ ಆಂಟಿಯ ಮುಂದೆ ಹೋಗಿ ನಿಂತಳು.

“ಚೆನ್ನಾಗಿ ಓದ್ದೆ ಪುಟ್ಟಾ” ಎಂದರು ಆಂಟಿ.

“ಆಂಟಿ, ಸೀರೆ ವಿಷ್ಯ ಅಮ್ಮ ಯಾರಿಗೂ ಹೇಳಿರ್ಲಿಲ್ಲ. ಅಡುಗೆಮನೇಲಿ ನನ್ನ ಹತ್ರ ಅಂದಿದ್ದು. ಚರ್ಚಲ್ಲಿ ಯಾರೂ ನಗ್ಲಿಲ್ಲ. ಹೊರಗೆ ತಂದಿದ್ದು ನಾನು. ವ್ಯಾನಲ್ಲಿ. ಸಾರಿ ಆಂಟಿ.”

ಆಂಟಿ ಬಾಯಿಗೆ ತರುತ್ತಿದ್ದ ಟೀ ಕಪ್ ಕೆಳಗಿಳಿಸಿದರು. ಮಗಳ ದನಿ ಕೇಳಿ ಬಂದ ಅಮ್ಮ ಹಿಂದೆಯೇ ನಿಂತಿದ್ದಳು. “ಏನಂದೆ ನೀನು?” ಎಂದು ಜೆಮಿಯ ಭುಜ ಹಿಡಿದಳು. ಹಿಡಿತ ಬಿಗಿಯಾಗಿತ್ತು. ಮನೆಗೆ ಹೋದ ಮೇಲೆ ಸರಿಯಾಗಿ ಬೀಳುತ್ತದೆ ಎಂದು ಜೆಮಿಗೆ ಗೊತ್ತಾಯಿತು.

ಇಂದ್ರಾಣಿ ಆಂಟಿ ಅಮ್ಮನನ್ನು ನೋಡಿದರು. ಆರು ವಾರದ ಮೇಲೆ ಮೊದಲ ಸಲ ನೇರವಾಗಿ ನೋಡಿದರು.

“ಹಂಗಾದ್ರೆ ಅಂದಿದ್ದು ನಿಜ.”

ಅಮ್ಮನ ಮುಖ ಕೆಂಪಾಯಿತು. “ಅಂದೆ. ಅನ್ನಬಾರದಿತ್ತು.”

“ನಂಗೆ ಬಂದು ಹೇಳಿದ್ರೆ ಬಣ್ಣ ಬದಲಾಯಿಸ್ತಿದ್ದೆ.”

“ನೀವೂ ಬಂದು ಒಂದು ಮಾತು ಕೇಳ್ಬಹುದಿತ್ತು.”

ಟೀ ಆರುತ್ತಿತ್ತು. ಇಬ್ಬರಲ್ಲಿ ಯಾರೂ ಅಲ್ಲಿಂದ ಕದಲಲಿಲ್ಲ.

ಅಳುಮುಖ ಹೊತ್ತು ಶೃತಿ ಒಂದೊಂದೇ ಹೆಜ್ಜೆ ಇಡುತ್ತಾ ಬಂದು ಜೆಮಿಯ ಪಕ್ಕ ನಿಂತಳು.

“ಈಗೇನಾಗುತ್ತೆ?” ಎಂದು ಪಿಸುಗುಟ್ಟಿದಳು.

“ಗೊತ್ತಿಲ್ಲ” ಎಂದಳು ಜೆಮಿ. “ನಾವೂ ಇಲ್ಲೇ ಇರೋಣ.”