ಹನ್ನೊಂದನೆಯ ಮೀಟರಿನ ಮಣ್ಣು

ಹದಿನೇಳನೆಯ ಪೆಟ್ಟಿಗೆಯ ಮುಚ್ಚಳ ತೆರೆದರೆ ನಡುವೆ ಒಂದು ಸಾಲು ಖಾಲಿ!

ಪಾಮರ್ಸ್ಟನ್ ನಾರ್ತ್ ಊರಿನ ರಸ್ತೆ ಕಂಪನಿಯ ಉಗ್ರಾಣದಲ್ಲಿ ನಿಂತಿದ್ದವರು ಮುಖ ಮುಖ ನೋಡಿಕೊಂಡರು. ಬೆಟ್ಟ ಕೊರೆದು ತೆಗೆದ ಮಣ್ಣಿನ ದಿಂಡುಗಳನ್ನು ಆಳದ ಕ್ರಮದಲ್ಲಿ ಜೋಡಿಸಿಟ್ಟ ಪೆಟ್ಟಿಗೆ ಅದು. ಹತ್ತನೆಯ ಮೀಟರ್ ಇತ್ತು, ಹನ್ನೆರಡನೆಯದೂ ಇತ್ತು. ಹನ್ನೊಂದನೆಯದು ಮಾಯ.

ಹೋದದ್ದು ಬರೀ ಮಣ್ಣು, ನಿಜ. ಆದರೆ ಹೆದ್ದಾರಿಯ ಹಣೆಬರಹ ಅದರಲ್ಲಿತ್ತು. ಎರಡು ಪ್ರಾಂತ್ಯಗಳನ್ನು ಜೋಡಿಸುವ ಈ ರಸ್ತೆಗೆ ಮೊದಲ ಗೆರೆ ಎಳೆದು ಐವತ್ತು ವರ್ಷ. ಎರಡು ಸಲ ನಕ್ಷೆಯಾಗಿ ಎರಡು ಸಲವೂ ಕಪಾಟು ಸೇರಿತ್ತು. ಹಳೇ ಘಾಟಿ ರಸ್ತೆ ಚಳಿಗಾಲದ ಮಳೆ ಬಂದಾಗಲೆಲ್ಲ ಕುಸಿದು, ಕೊನೆಗೆ ಮುಚ್ಚಿಯೇ ಹೋದ ಮೇಲೆ ಮೂರನೆಯ ನಕ್ಷೆಗೆ ಜೀವ ಬಂತು. ಈಗ ಗುಡ್ಡವನ್ನು ಎಷ್ಟು ಕಡಿದಾಗಿ ಕಡಿಯಬಹುದು ಎಂಬುದೊಂದೇ ಪ್ರಶ್ನೆ. ಭೂಮಿ ಕೊರೆಯುವ ಯಂತ್ರ ನಡೆಸುವ ವಿರೆಮು ತನ್ನ ಪುಸ್ತಕದಲ್ಲಿ ಬರೆದಿದ್ದ— ಹನ್ನೊಂದನೆಯ ಮೀಟರಿನಲ್ಲಿ ಬೂದುನೀಲಿ ಜೇಡಿ, ನಡುವೆ ಗಾಜಿನಷ್ಟು ನುಣುಪಾದ ಪದರ, ಗುಡ್ಡ ಇಲ್ಲಿ ಹಿಂದೊಮ್ಮೆ ಜಾರಿದೆ. ನಿಜವಾದರೆ ಇಳಿಜಾರನ್ನು ಅಗಲವಾಗಿ ಹರಡಬೇಕು, ಕೆಲಸ ಒಂದು ವರ್ಷ ತಡ.

"ಪದರವೂ ಇಲ್ಲ, ಏನೂ ಇಲ್ಲ. ಮನಸ್ಸಿಗೆ ಬಂದದ್ದು ಬರೆದ, ಸಿಕ್ಕಿಬೀಳುತ್ತೇನೆಂದು ಮಣ್ಣು ಎಸೆದ," ಎಂದ ಮ್ಯಾನೇಜರ್. ವಿರೆಮುವನ್ನು ಕೆಲಸದಿಂದ ನಿಲ್ಲಿಸಿ ಮನೆಗೆ ಕಳಿಸಿದರು.

ರುದ್ರೇಶ ತುಟಿ ಬಿಚ್ಚಲಿಲ್ಲ. ಮಣ್ಣಿನ ಇಂಜಿನಿಯರ್ ಅವನೇ. ನಿಯಮ ಮೀರಿ, ಶುಕ್ರವಾರ ಸಂಜೆ ಆ ದಿಂಡನ್ನು ಪ್ಲಾಸ್ಟಿಕ್ ಸುತ್ತಿ ಮನೆಗೆ ಒಯ್ದವನೂ ಅವನೇ! ಶನಿವಾರ ಗ್ಯಾರೇಜಿನಲ್ಲಿ ನಿಧಾನವಾಗಿ ನೋಡಿದ್ದ. ಪದರ ಕಣ್ಣೆದುರೇ ಹೊಳೆಯುತ್ತಿತ್ತು. ಸೋಮವಾರ ವಾಪಸ್ ಇಡೋಣವೆಂದರೆ ಗ್ಯಾರೇಜಿನಲ್ಲಿ ದಿಂಡಿಲ್ಲ. ಬೀಗ ಬೀಗದ ಹಾಗೇ ಇತ್ತು. ಯಾರು ಒಯ್ದರು? ಗುಟ್ಟು ಹೊರಬಿದ್ದೀತೆಂದು ಮನೆಯಲ್ಲೂ ಕೇಳಲಿಲ್ಲ. ಹೇಳಿದರೆ ತನ್ನ ಕೆಲಸಕ್ಕೇ ಕುತ್ತು. ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುತ್ತ ಎಂಟು ದಿನ ತಳ್ಳಿದ. ಮೊದಲ ಗೆರೆಗೆ ಗೂಟ ಹೊಡೆದವನು ತನ್ನಪ್ಪ ಎಂದು ವಿರೆಮು ಒಮ್ಮೆ ಚಹಾ ಹೊತ್ತಿನಲ್ಲಿ ಹೆಮ್ಮೆಯಿಂದ ಹೇಳಿದ್ದ. ಅದು ನೆನಪಾದಾಗಲೆಲ್ಲ ಇವನಿಗೆ ಅನ್ನ ಸೇರುತ್ತಿರಲಿಲ್ಲ. ಬೆಳಿಗ್ಗೆ ದೇವರ ಗೂಡಿನ ಮುಂದೆ ಕಣ್ಣು ಮುಚ್ಚಿ ಕೈ ಮುಗಿದು, ಅದೇ ಸುಳ್ಳು ಹೊತ್ತು ಆಫೀಸಿಗೆ ಹೋಗುತ್ತಿದ್ದ.

ತನಿಖೆಗೆಂದು ಕಂಪನಿ ತನ್ನ ಹ್ಯಾಮಿಲ್ಟನ್ ಕಚೇರಿಯಿಂದ ಕಾತ್ಯಾಯಿನಿಯನ್ನು ಕಳಿಸಿತು. ಮೈಸೂರಿನ ಹೆಂಗಸು, ಮಾತು ಮೆದು, ಕಣ್ಣು ಚುರುಕು. ಸಂಜೆ ರುದ್ರೇಶನ ಮನೆಗೇ ಬಂದಳು.

"ಆ ಶುಕ್ರವಾರ ಎಷ್ಟೊತ್ತಿಗೆ ಹೊರಟ್ರಿ?"

"ಐದಕ್ಕರಿ ಮೇಡಂ."

"ಸೀದಾ ಮನೆಗೆ?"

"ಹೌದ್ರಿ."

"ಬರಿಗೈಯಲ್ಲಿ?"

"ಲ್ಯಾಪ್‌ಟಾಪ್ ಇತ್ರಿ."

"ವಿರೆಮು ಸುಳ್ಳು ಬರೆಯೋ ಮನುಷ್ಯ ಅನ್ಸುತ್ತಾ ನಿಮಗೆ?"

"ಗೊತ್ತಿಲ್ರಿ…"

ತನ್ನ ದನಿ ತನಗೇ ಹೇಸಿಗೆಯೆನಿಸಿತು.

ತಾಯಿ ಶಾಂತವ್ವ ಚಹಾ ತಂದಿಟ್ಟಳು. ಕಾತ್ಯಾಯಿನಿ ಕಪ್ ಹಿಡಿದು ದೇವರ ಗೂಡಿನ ಬಳಿ ಹೋಗಿ ನಿಂತಳು. ಅಲ್ಲಿ ಜೋಡಿ ಮಣ್ಣೆತ್ತು. ಜೋಳದ ಕಾಳಿನ ಕಣ್ಣು, ಮೈತುಂಬ ವಿಭೂತಿ.

"ಅಮ್ಮ, ನೀವೇ ಮಾಡಿದ್ದಾ?"

"ಹೂಂ ತಂಗಿ, ಮಣ್ಣೆತ್ತಿನ ಅಮಾಸಿಗೆ. ಆಯಿತ್ವಾರ ಪೂಜಿ ಆತು. ಹೊಳಿಗೆ ಬಿಡಬೇಕು, ಇಂವಗ ಪುರುಸೊತ್ತಽ ಇಲ್ಲ."

"ಈ ಪರದೇಶದಲ್ಲಿ ಮಣ್ಣು ಎಲ್ಲಿ ಸಿಕ್ತು?"

"ಹಿತ್ತಲದ್ದು ಬರೇ ಹರಳು, ಎತ್ತಿನ ಕಾಲಽ ನಿಲ್ಲಾಂಗಿಲ್ಲ. ಮಣ್ಣು ತಾರೋ ಅಂತ ಇಂವಗ ಹೇಳಿದ್ದೆ, ಫೋನ್ ನೋಡ್ಕೋತ ಹೂಂ ಅಂದ. ಆಯಿತ್ವಾರ ಮುಂಜಾನೆ ನೋಡ್ತೀನಿ, ಗ್ಯಾರೇಜಿನ್ಯಾಗ ಪ್ಲಾಸ್ಟಿಕ್ ಸುತ್ತಿ ಇಟ್ಟಾನ! ಬೆಣ್ಣಿಹಂಗ ಇತ್ತು ನೋಡವ್ವ."

ರುದ್ರೇಶ ಕುರ್ಚಿಯಿಂದ ಎದ್ದು ನಿಂತ.

ಕಾತ್ಯಾಯಿನಿ ಒಂದು ಎತ್ತನ್ನು ಮೆಲ್ಲಗೆ ತಿರುಗಿಸಿದಳು. ವಿಭೂತಿ ಹತ್ತದ ಹೊಟ್ಟೆಯ ಅಡಿ ಬೂದುನೀಲಿ!

"ಈ ಬಣ್ಣ ಈ ಊರಿನ ಹಿತ್ತಲಲ್ಲಿ ಸಿಗಲ್ಲ ರುದ್ರೇಶ್. ವಿರೆಮು ಪುಸ್ತಕದಲ್ಲಿದೆ. ಮಣ್ಣು ನೋಡೋದೇ ನಿಮ್ಮ ಕೆಲಸ. ಎಂಟು ದಿನ ಇದಕ್ಕೆ ಕೈ ಮುಗಿದ್ರಿ, ಒಂದು ದಿನಾನೂ ನೋಡ್ಲಿಲ್ಲ."

"ಪದರ… ನಾ ನೋಡೇನ್ರಿ. ಶನಿವಾರ," ಎಂದ ರುದ್ರೇಶ. ತಲೆ ಎತ್ತಲಿಲ್ಲ.

"ಎತ್ತುಗಳನ್ನ ಲ್ಯಾಬಿಗೆ ಕೊಟ್ರೆ ಜೇಡಿ ಎಂಥದ್ದು ಅಂತ ತಿಳಿಯುತ್ತೆ. ಪದರ ಮಾತ್ರ ನಾದುವಾಗ ಹೋಯ್ತು. ಅದಕ್ಕೆ ಸಾಕ್ಷಿ ಇನ್ನು ನೀವೊಬ್ಬರೇ." ಕಾತ್ಯಾಯಿನಿ ಕಪ್ ಕೆಳಗಿಟ್ಟಳು. "ಮಣ್ಣು ತಗೊಂಡಿದ್ದು ಅಮ್ಮ, ಗೊತ್ತಿಲ್ಲದೆ. ಆ ಮನುಷ್ಯನ ಮರ್ಯಾದೆ ತೆಗೆದಿದ್ದು ನೀವು, ಗೊತ್ತಿದ್ದೂ."

ಶಾಂತವ್ವ ಗಾಬರಿಯಾದಳು. "ನನ್ನಿಂದ ಏನರ ತಪ್ಪಾತೇನಪಾ?"

"ನಿನ್ನಿಂದಲ್ಲವ್ವಾ. ನನ್ನಿಂದ."

ತಾಯಿಯ ಎದುರು ಅಷ್ಟು ಹೇಳುವುದರಲ್ಲಿ ಅವನಿಗೆ ಭೂಮಿಗಿಳಿದು ಹೋದಂತಾಯಿತು.

ಅರ್ಧ ಗಂಟೆಯಲ್ಲಿ ವಿರೆಮುವಿನ ಬಾಗಿಲಲ್ಲಿ ನಿಂತಿದ್ದ. ಒಂದೂ ಬಿಡದೆ ಹೇಳಿದ. ನಾಳೆ ಎಲ್ಲರ ಮುಂದೆ ಹೇಳುವುದಾಗಿಯೂ ಹೇಳಿದ. ವಿರೆಮು ಪೂರ್ತಿ ಕೇಳಿಸಿಕೊಂಡ.

"ಪದರ ಇತ್ತು, ಅಲ್ಲವಾ?" ಎಂದು ಕೇಳಿದ.

"ಇತ್ತು."

"ನನಗೆ ಗೊತ್ತಿತ್ತು," ಎಂದು ತಲೆಯಾಡಿಸಿ ಬಾಗಿಲು ಮುಚ್ಚಿಕೊಂಡ.

ಒಂದು ಬೈಗುಳಕ್ಕಾಗಿ ಕಾಯುತ್ತ ರುದ್ರೇಶ ಮೆಟ್ಟಿಲ ಮೇಲೆ ಬಹಳ ಹೊತ್ತು ನಿಂತಿದ್ದ. ಬಾಗಿಲು ಮತ್ತೆ ತೆರೆಯಲಿಲ್ಲ.