ಜಯಮಾಲಾಳ ಪಾಲಿಗೆ ಬಂದ ರಾಗ

ಹೋದ ವರ್ಷದ ಬ್ಯಾಸಗಿ, ಬುಧವಾರ ಮಧ್ಯಾಹ್ನ ಹನ್ನೆರಡರ ಹೊತ್ತು. ನೆಲೋಗಿಯಲ್ಲಿ ಅಣ್ಣಾರಾಯ ಮಾಸ್ತರರ ಮೃತ್ಯುಪತ್ರ ಓದಿದರು. ನಾಟಕದ ಹಾಡಿಗೆ ರಾಗ ಕಟ್ಟಿ ನಾಡೆಲ್ಲ ಹೆಸರಾದವರು ಅವರು. ನಾನು ಅವರ ತಬಲಾದವ. ಹೊಲ, ಮನೆ ಮಾಸ್ತರರ ಅಣ್ಣನ ಮಗ ಸತೀಶಕುಮಾರನಿಗೆ. ಹಾರ್ಮೋನಿಯಂ ಪೆಟ್ಟಿಗೆ ಮತ್ತು ತಾವು ಕಟ್ಟಿದ ಕಡೇ ರಾಗ ಶಿಷ್ಯೆ ಜಯಮಾಲಾಗೆ. ಆಕಿ ಆ ರಾಗ ನುಡಿಸಿ ತೋರಿಸದಿದ್ದರೆ ಪೆಟ್ಟಿಗೆಯೂ ಸತೀಶನಿಗೇ. ಆದರೆ ಕಲಿಸುವ ಮೊದಲೇ ಮಾಸ್ತರು ಹೋಗಿಬಿಟ್ಟಿದ್ದರು.

"ನುಡಿಸಬೇ, ಕೇಳ್ತೇವಿ!" ಅಂತ ಸತೀಶ ನಕ್ಕ.

ಜಯಮಾಲಾ ಪೆಟ್ಟಿಗೆ ತೆರೆದಳು. ಅಂಥಾ ಬಿಸಿಲಲ್ಲಿ ಒಳಗಿಂದ ಬಾವಿಯ ತಂಪು ಬಂತು. ಸ್ವರದ ಮನೆಗಳು ತಾವಾಗಿಯೇ ಒಂದೊಂದಾಗಿ ಕೆಳಗೆ ಒತ್ತಿಕೊಳ್ಳಹತ್ತಿದವು. ಸದ್ದು ಮಾತ್ರ ಇಲ್ಲ. ಆಗ ನನಗೆ ತಟ್ಟನೆ ಹೊಳೆಯಿತು. ಮಾಸ್ತರರನ್ನು ಕೂಡ್ರಿಸಿ ಮಣ್ಣು ಮಾಡುವಾಗ ಅವರ ಎಡಗೈಯಲ್ಲಿ ಇಷ್ಟಲಿಂಗ ಇಟ್ಟವ ನಾನೇ. ಗಾಳಿ ಹಾಕುವ ಕೈ ಅದು. ಸ್ವರ ಒತ್ತುವ ಬಲಗೈ ಮಾತ್ರ ಖಾಲಿ ಇತ್ತು.

"ನೀ ಗಾಳಿ ಹಾಕವ್ವಾ, ಲಗೂ ಹಾಕು!" ಎಂದು ಕೂಗಿದೆ.

ಆಕಿ ಹಾಕಿದಳು. ಯಾರೂ ಕೇಳಿರದ ರಾಗ ಪಡಸಾಲಿ ತುಂಬಿತು. ನನ್ನ ಬೆರಳು ತೊಡೆಯ ಮೇಲೆ ತಾಳ ಹಿಡಿದವು. ಹೆದರಿಕೆಗಿಂತ ಕುಣಿಯಬೇಕೆನ್ನುವ ಖುಷಿಯೇ ಹೆಚ್ಚು. ಸತೀಶ ಚಪ್ಪಲಿ ಬಿಟ್ಟು ಓಡಿದ.

ಮರುದಿನ ಜಯಮಾಲಾಳನ್ನು ಜೇವರ್ಗಿ ಬಸ್ಸಿಗೆ ಹತ್ತಿಸಿ ಕೆಳಗೆ ಕಿಟಕಿ ಹತ್ತಿರ ನಿಂತೆ. ಪೆಟ್ಟಿಗೆ ಆಕಿಯ ತೊಡೆಯ ಮೇಲಿತ್ತು. ಕಂಡಕ್ಟರ್ ಹೆಣ್ಣುಮಕ್ಕಳ ಪುಕ್ಕಟೆ ಟಿಕೆಟ್ ಕೊಟ್ಟು, ಬಾಜೂಕಿನ ಖಾಲಿ ಸೀಟು ನೋಡಿ, "ಬಾಜೂಕ ಕುಂತ ಮುತ್ಯಾಂದು ರೊಕ್ಕ ಕೊಡ್ರಿ" ಅಂದ. ಆಕಿ ಎಣಿಸಿ ಕೊಟ್ಟಳು. ಬಸ್ಸು ಹೊಂಟಿತು. ಅವತ್ತು ಗುರುವಾರ.